ಒಮಾನಿನ ಕಲ್ಲಿಗೆ ಪಾಲಿಶ್

ಮರುಭೂಮಿ ಅಂದ ಕೂಡಲೇ ಮರಳು ಅನ್ನುವವರನ್ನು ಕಂಡರೆ ನಮ್ಮ ಬಾಯಾರಿಗೆ ಮೈಯೆಲ್ಲ ಉರಿಯುತ್ತಿತ್ತು. ಸ್ಟಾಫ್ ರೂಮಿನಲ್ಲಿ ಯಾರಾದರೂ ಪಾಪ, ಮಾತಿಗೆಂದು ಮರಾಠಿಯಲ್ಲಿ, "ನೀವು ಒಮಾನದಾಗ ಇದ್ದಿರಂತಲ್ರಿ, ಬರೇ ಮರಳು, ಒಂಟಿ, ಖಜೂರಿ ಅಲ್ಲೇನ್ರಿ?" ಎಂದು ಕೇಳಿದರೆ ಮುಗಿಯಿತು. ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ನೀವು ಪುಣೆಕ್ಕ ಬಂದು ಲಕ್ಷ್ಮೀ ರೋಡ್ ಒಂದ ನೋಡಿ, ಪುಣೆ ಅಂದ್ರ ಬರೇ ಸೀರಿ ಅಂಗಡಿ ಅಂತ ಹೇಳಿದ್ಹಂಗಾತು ಇದು" ಎಂದು ಅದೇ ಮರಾಠಿಯಲ್ಲಿ ಶುರು ಮಾಡುತ್ತಿದ್ದರು. ಮುಂದಿನ ಪೀರಿಯಡ್ಡಿನ ಗಂಟೆ ಬಾರಿಸಿದರೂ ಕೇಳಿದವರಿಗೆ ಬಿಡುಗಡೆಯಿಲ್ಲ.

ಪುಣೆಯ ಯೆರವಡಾದ ಆಚೆ ಇರುವ ನಮ್ಮ ಕಾಲೇಜಿನಲ್ಲಿ ಅವರು ಭೂವಿಜ್ಞಾನ ಕಲಿಸುತ್ತಿದ್ದರು. ನಾನು ಅದೇ ಕಾಲೇಜಿನಲ್ಲಿ ಇಂದಿಗೂ ರಸಾಯನಶಾಸ್ತ್ರ ಕಲಿಸುತ್ತೇನೆ. ಹುಡುಗರು ಮರಾಠಿಯಲ್ಲಿ ಅವರನ್ನು ಬಾಯಿ, ಅಂದರೆ ಟೀಚರಮ್ಮ, ಅನ್ನುತ್ತಿದ್ದರು. ಗೋಕಾಕದ ಕಡೆಯ ನಾನು ನಮ್ಮ ರೂಢಿಯಂತೆ ಬಾಯಾರು ಅನ್ನುತ್ತಿದ್ದೆ. ಅವರದು ಧಾರವಾಡ. ಇಡೀ ಸ್ಟಾಫ್ ರೂಮಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ ಆದ್ದರಿಂದ ನಮ್ಮ ಮೂಲೆಗೆ ಒಂದು ಗುಟ್ಟಿನ ಸುಖವಿತ್ತು. ಯಾರನ್ನು ಬೇಕಾದರೂ ಎದುರಿಗೇ ಕೂರಿಸಿಕೊಂಡು ಬೈಯಬಹುದಿತ್ತು. ಈ ಮಳೆಗಾಲದಲ್ಲಿ ಬಾಯಾರು ತೀರಿಕೊಂಡರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಕಾಲೇಜಿನ ಹೆಸರನ್ನೂ ಬರೆಯಬೇಕು, ಆಮೇಲೆ ಪ್ರಾಚಾರ್ಯರ ಹೆಸರನ್ನೂ ಬರೆಯಬೇಕು. ಅಂಥವರಿಗೆ ಪುಕ್ಕಟೆ ಪ್ರಸಿದ್ಧಿ ಕೊಡುವ ಮನಸ್ಸು ನನಗಿಲ್ಲ.

ಬಾಯಾರು ಒಮಾನಿಗೆ ಹೋದದ್ದು ಗಂಡನ ಹಿಂದೆ. ಗಂಡ ಸಿವಿಲ್ ಎಂಜಿನಿಯರು, ಅಲ್ಲಿ ರಸ್ತೆ ಕಟ್ಟುವ ಒಂದು ಕಂಪನಿಯಲ್ಲಿದ್ದರು. ಇವರು ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿದ್ದರೂ ಅಲ್ಲಿ ಕೆಲಸವಿರಲಿಲ್ಲ. ಕ್ಯಾಂಪಿನ ಉಳಿದ ಹೆಂಗಸರು ಸಂಜೆ ಒಟ್ಟಾಗಿ ಹಪ್ಪಳ ಸಂಡಿಗೆ ಮಾಡುತ್ತಿದ್ದರೆ ಇವರು ಶುಕ್ರವಾರದ ರಜೆಗಾಗಿ ಕಾಯುತ್ತಿದ್ದರು. ಶುಕ್ರವಾರ ಬಂತೆಂದರೆ ಡಬ್ಬಿಯಲ್ಲಿ ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡು ಗಂಡನ ಜೀಪಿನಲ್ಲಿ ಹೊಸ ರಸ್ತೆಗಾಗಿ ಬೆಟ್ಟ ಕಡಿದ ಜಾಗಕ್ಕೆ ಹೋಗಿಬಿಡುವುದು. ಗಂಡನಿಗೆ ಅದು ಮಾಡಿ ಮುಗಿಸಿದ ಕೆಲಸ. ಇವರಿಗೆ ಅದು ಆಗ ತಾನೇ ತೆರೆದ ಬಾಗಿಲು.

"ನಮ್ಮ ಕಡೆ ಗುಡ್ಡ ಅಂದ್ರ ಸೀರಿ ಉಟ್ಟ ಹೆಣ್ಮಗಳು" ಅನ್ನುತ್ತಿದ್ದರು. "ಹುಲ್ಲು, ಗಿಡ, ಮಣ್ಣು. ಒಳಗಿಂದು ಏನೂ ಕಾಣೂದಿಲ್ಲ. ಅಲ್ಲೆ ಹಂಗಿಲ್ಲವಾ. ಮಳಿ ಇಲ್ಲ, ಹುಲ್ಲಿಲ್ಲ. ಎಲುಬು, ನರ, ಎಲ್ಲಾ ಹೊರಗ ಕಾಣ್ತದ. ನೋಡಾಕ ಕಣ್ಣೊಂದು ಬೇಕು ಅಷ್ಟ."

ಅವರ ಮಾತಿನಲ್ಲಿ ಆ ದೇಶವನ್ನು ನಾನು ಎಷ್ಟೋ ಸಲ ಸುತ್ತಿ ಬಂದಿದ್ದೇನೆ. ಪಾಸ್‌ಪೋರ್ಟು ಮಾಡಿಸಿಕೊಳ್ಳದ ನನಗೆ ಇವತ್ತಿಗೂ ಮಸ್ಕತ್ತಿನ ಹಿಂದಿನ ಬೆಟ್ಟಗಳ ಬಣ್ಣ ಗೊತ್ತು. ಅವು ಸುಟ್ಟ ಬೆಲ್ಲದ ಬಣ್ಣದವು. ಅವು ಬೆಟ್ಟಗಳೇ ಅಲ್ಲವಂತೆ, ಸಮುದ್ರದ ತಳಕ್ಕಿಂತಲೂ ಕೆಳಗೆ, ಭೂಮಿಯ ಹೊಟ್ಟೆಯೊಳಗೆ ಇರಬೇಕಾದ ಕಲ್ಲು, ಯಾವುದೋ ಕಾಲದ ನೂಕುನುಗ್ಗಲಿನಲ್ಲಿ ಮೇಲೇರಿ ಬಂದು ಕೂತಿದೆ. ಅದರ ಸಂದುಗಳಿಂದ ಒಸರುವ ನೀರು ನೀಲಿ, ಮೇಲೆ ಹಾಲಿನ ಕೆನೆಯಂತೆ ಬೆಳ್ಳಗಿನ ಪದರ. ಇನ್ನೊಂದು ಕಡೆ, ಸಮುದ್ರದೊಳಗೇ ಉಕ್ಕಿ ಅಲ್ಲೇ ತಣ್ಣಗಾದ ಲಾವಾ, ತಲೆದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದ ಹಾಗೆ ದಂಡೆಯಲ್ಲಿ ನಿಂತಿದೆ. ಒಳನಾಡಿನಲ್ಲಿ ಮರಳಿಗಿಂತ ಹೆಚ್ಚು ಜಲ್ಲಿಕಲ್ಲಿನ ಬಯಲು. ಬಿಸಿಲಿಗೆ ಬಿದ್ದು ಬಿದ್ದು ಆ ಕಲ್ಲುಗಳ ಮೇಲ್ಮೈ ಕಪ್ಪಗೆ, ಎಣ್ಣೆ ಸವರಿದಂತೆ ಆಗಿರುತ್ತದೆ. ಎಂದೋ ಒಮ್ಮೆ ಮಳೆ ಬಂದರೆ ಒಣಗಿದ ಹಳ್ಳ ನೋಡನೋಡುತ್ತಲೇ ತುಂಬಿ ಲಾರಿಯನ್ನೂ ಎಳೆದುಕೊಂಡು ಹೋಗುತ್ತದೆ. "ನೀರಿಲ್ಲದ ದೇಶದಾಗ ನೀರಿಗೆ ಅಂಜಬೇಕವಾ" ಅನ್ನುತ್ತಿದ್ದರು.

ಗಂಡನ ಕರಾರು ಮುಗಿದು ತಿರುಗಿ ಬರುವಾಗ ಎಲ್ಲರೂ ಟೀವಿ, ಅತ್ತರು, ಬಂಗಾರ ತಂದರು. ಬಾಯಾರು ಎರಡು ಟ್ರಂಕು ಕಲ್ಲು ತಂದರು. ಮುಂಬಯಿಯ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ಟ್ರಂಕು ಎತ್ತಲಾಗದೆ, ಭಾರೀ ಬೇಟೆ ಸಿಕ್ಕಿತೆಂದು ಮೇಲಿನವರನ್ನು ಕರೆಸಿದನಂತೆ. ಬೀಗ ತೆಗೆದರೆ ಹಳೆಯ ಬನಿಯನ್ನುಗಳಲ್ಲಿ ಸುತ್ತಿದ ಕಲ್ಲುಗಳು. ಅವನು ಒಂದೊಂದನ್ನೇ ಬಿಚ್ಚಿ, ಅಲುಗಾಡಿಸಿ, ಕಿವಿಗೆ ಹಿಡಿದು ನೋಡಿದ. ಕೊನೆಗೆ ಬೇಸತ್ತು, "ಬಾಯಿ, ನಿಮ್ಮ ಮನೆಯವರು ಏನೂ ಅನ್ನಲಿಲ್ಲವೇ?" ಎಂದು ಕೇಳಿದನಂತೆ. ಧಾರವಾಡದಲ್ಲಿ ಅತ್ತೆ ಅಂದೇ ಅಂದರು: "ಯವ್ವಾ, ನಮ್ಮ ಹಿತ್ತಲದಾಗ ಕಲ್ಲು ಕಡಿಮಿ ಬಿದ್ದಿದ್ವೇನ?"

ಆ ಕಲ್ಲುಗಳಿಂದಲೇ ನಮ್ಮ ಕಾಲೇಜಿನ ಭೂವಿಜ್ಞಾನದ ಸಂಗ್ರಹ ಶುರುವಾದದ್ದು. ಪುಣೆಗೆ ಬಂದು ನೌಕರಿಗೆ ಸೇರಿದ ಮೊದಲ ವರ್ಷವೇ ಬಾಯಾರು ಎರಡೂ ಟ್ರಂಕುಗಳನ್ನು ಟೆಂಪೋದಲ್ಲಿ ತಂದು ವಿಭಾಗಕ್ಕೆ ಕೊಟ್ಟುಬಿಟ್ಟರು. ಪ್ರತಿ ಕಲ್ಲಿನ ಮೇಲೂ ಬಿಳಿ ಪೇಂಟಿನ ಒಂದು ಚುಕ್ಕೆ. ಚುಕ್ಕೆಯೊಳಗೆ ಕಪ್ಪು ಶಾಯಿಯಲ್ಲಿ, ಇರುವೆ ಬರೆದಂಥ ಅಕ್ಷರದಲ್ಲಿ, ಅದು ಸಿಕ್ಕ ಹಳ್ಳದ ಅಥವಾ ಬೆಟ್ಟದ ಹೆಸರು. ಹುಡುಗರು ಕಲ್ಲಿನ ಜಾತಿಯನ್ನು ತಪ್ಪು ಹೇಳಿದರೆ ಬಾಯಾರು ನಗುತ್ತಿದ್ದರು, ತಿದ್ದುತ್ತಿದ್ದರು. ಆದರೆ ಎಲ್ಲಿ ಸಿಕ್ಕಿತು ಎಂದು ಬರೆಯದೆ ಯಾರಾದರೂ ಕಲ್ಲು ತಂದರೆ ಕಿಟಕಿಯಿಂದ ಹೊರಗೆ ಎಸೆಯುತ್ತಿದ್ದರು. "ಊರಿಲ್ಲದ ಕಲ್ಲು ನಾಯಿಗೆ ಒಗೀಲಿಕ್ಕೆ ಅಷ್ಟ" ಅನ್ನುವುದು ಅವರ ಮಾತು. ಮರಾಠಿಯಲ್ಲಿ ಅದನ್ನು ಇನ್ನೂ ಖಾರವಾಗಿ ಹೇಳುತ್ತಿದ್ದರು.

ಅವರ ಜೊತೆ ರಸ್ತೆಯಲ್ಲಿ ನಡೆಯುವುದೆಂದರೆ ಮರ್ಯಾದೆಯ ಪ್ರಶ್ನೆ. ಖರಾಡಿಯಲ್ಲಿ ಐಟಿ ಕಟ್ಟಡಗಳಿಗೆ ಪಾಯ ತೋಡುತ್ತಿದ್ದ ದಿನಗಳಲ್ಲಿ ತಗಡಿನ ಬೇಲಿಯ ಸಂದಿಗೆ ಕಣ್ಣು ಹಚ್ಚಿ ನಿಂತುಬಿಡುತ್ತಿದ್ದರು. ವಾಚ್‌ಮನ್ ಓಡಿಸಲು ಬಂದರೆ ಅವನನ್ನೂ ಪಕ್ಕಕ್ಕೆ ಎಳೆದು, ಇಲ್ಲಿ ಒಂದು ಸಲ ಲಾವಾ ಹರಿದು ನಿಂತಿದೆ, ನಡುವೆ ಆ ಕೆಂಪು ಗೆರೆ ಇದೆಯಲ್ಲ, ಅಷ್ಟು ಕಾಲ ಸುಮ್ಮನಿದ್ದು, ಮತ್ತೆ ಹರಿದಿದೆ ಎಂದು ಮರಾಠಿಯಲ್ಲಿ ತೋರಿಸುತ್ತಿದ್ದರು. ಎಲ್ಲಿಯಾದರೂ ಜೇಡಿಯಂಥ ಕಲ್ಲು ಸಿಕ್ಕರೆ ಚೂರು ಮುರಿದು ಬಾಯಿಗೆ ಹಾಕಿ ಮುಂದಿನ ಹಲ್ಲಿನಲ್ಲಿ ಕಡಿಯುವುದು. ಕರಕರ ಅಂದರೆ ಒಂದು ಜಾತಿ, ಬೆಣ್ಣೆಯಂತೆ ಜಾರಿದರೆ ಇನ್ನೊಂದು. ನಾನು ಮುಖ ಕಿವಿಚಿದರೆ, "ನೀ ಪಿಪೆಟ್‌ನಾಗ ಏನೇನೋ ಬಾಯಿಂದ ಎಳಕೊಂಡಾಕಿ, ನನಗ ಹೇಳಾಕ ಬರ್ತಿ" ಅನ್ನುತ್ತಿದ್ದರು.

ಇಷ್ಟೆಲ್ಲ ಹೇಳಿದ್ದು ಒಂದು ಕಲ್ಲಿನ ಮಾತು ಹೇಳುವುದಕ್ಕಾಗಿ. ಆ ಸಿಟ್ಟು ನನಗೆ ಈಗಲೂ ಆರಿಲ್ಲ.

ಸುಣ್ಣಗಲ್ಲಿನ ಜಾತಿಯ ಚಪ್ಪಟೆ ಬಂಡೆಯ ತುಂಡು ಅದು. ಚಪಾತಿ ಲಟ್ಟಿಸುವ ಮಣೆಯಷ್ಟು ಅಗಲ, ನೋಡಲಿಕ್ಕೆ ಏನೂ ಚೆಂದವಿಲ್ಲ, ಹಳದಿ ಬೂದು. ಅದರ ಒಂದು ಮುಖದ ತುಂಬ ಗೀರುಗಳಿದ್ದವು, ಎಲ್ಲವೂ ಒಂದೇ ದಿಕ್ಕಿಗೆ, ಬಾಚಣಿಗೆ ಎಳೆದ ಹಾಗೆ. ಒಮಾನಿನ ಮಧ್ಯಭಾಗದ ಹುಕ್ಫ್ ಎಂಬ ಬರಡು ನೆಲದಲ್ಲಿ ಗಂಡನ ಸರ್ವೇ ತಂಡದ ಜೊತೆ ಹೋದಾಗ ಬಾಯಾರಿಗೆ ಅದು ಸಿಕ್ಕಿತ್ತು. ಅಲ್ಲಿ ಇಡೀ ನೆಲಬಂಡೆಯ ಮೇಲೆ ಅಂಥ ಗೀರುಗಳಿವೆಯಂತೆ. ಅದನ್ನು ಸುತ್ತಿಗೆಯಿಂದ ಮುಟ್ಟಲಿಲ್ಲ ಎಂದು ಪ್ರತಿ ಸಲವೂ ಹೇಳುತ್ತಿದ್ದರು. "ಬಡದು ತಗೊಂಡಿಲ್ಲವಾ, ಒಡದು ಬಿದ್ದಿದ್ದನ್ನ ಆರಿಸಿಕೊಂಡೇನಿ." ಟ್ರಂಕಿಗೆ ಹಾಕಿದರೆ ಬೇರೆ ಕಲ್ಲು ಉಜ್ಜೀತು ಎಂದು ವಿಮಾನದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದದ್ದು ಅದೊಂದನ್ನೇ.

ಹೊಸದಾಗಿ ಸೇರಿದ ಹುಡುಗರಿಗೆ ಮೊದಲ ಪಾಠ ಆ ಕಲ್ಲಿನದೇ. ಕಣ್ಣು ಮುಚ್ಚಿಸಿ, ಬೆರಳು ಆಡಿಸಲು ಹೇಳುತ್ತಿದ್ದರು. ಏನಿದು? ಯಾರು ಗೀರಿದ್ದು? ಉಳಿ, ನೇಗಿಲು, ಒಂಟೆಯ ಕಾಲು, ಹುಡುಗರು ಬಾಯಿಗೆ ಬಂದದ್ದು ಹೇಳುತ್ತಿದ್ದರು. ಎಲ್ಲರ ಸರದಿ ಮುಗಿದ ಮೇಲೆ ಬಾಯಾರು ಹೇಳುತ್ತಿದ್ದರು, "ಬರ್ಫ." ಹಿಮ. ಮೂವತ್ತು ಕೋಟಿ ವರ್ಷದ ಹಿಂದೆ ಆ ದೇಶದ ಮೇಲೆ ಹಿಮನದಿ ಸರಿದುಹೋಗಿತ್ತು, ಅದರ ಅಡಿಯಲ್ಲಿ ಸಿಕ್ಕಿಕೊಂಡ ಕಲ್ಲುಚೂರುಗಳು ನೆಲವನ್ನು ಗೀರಿದ್ದವು. ಅಂದು ಆ ನೆಲ ದಕ್ಷಿಣ ಧ್ರುವದ ಕಡೆ ಇತ್ತು, ನಮ್ಮ ದೇಶವೂ ಅದರ ಮಗ್ಗುಲಿಗೇ ಇತ್ತು. ಭೂಮಿಯ ಮೇಲೆ ಅತ್ಯಂತ ಸುಡುವ ಜಾಗಗಳಲ್ಲಿ ಒಂದಾದ ಕಡೆ, ಹಿಮ ಹೋದ ದಾರಿ ಇನ್ನೂ ಇದೆ. ನಾನು ಬೇರೆ ವಿಭಾಗದವಳು, ಆದರೂ ಆ ಪಾಠವಿದ್ದ ದಿನ ಹಿಂದಿನ ಬೆಂಚಿನಲ್ಲಿ ಹೋಗಿ ಕೂಡುತ್ತಿದ್ದೆ. "ಬರ್ಫ" ಅಂದ ಮೇಲೆ ಹುಡುಗರು ಇನ್ನೊಮ್ಮೆ ಕೈ ಚಾಚುತ್ತಿದ್ದರು. ಎರಡನೆಯ ಸಲ ಮುಟ್ಟುವ ರೀತಿಯೇ ಬೇರೆ.

ಬಾಯಾರು ನಿವೃತ್ತರಾದರು. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ, ಆಮೇಲೆ ಮಾಸ್ತರರಿಲ್ಲ ಎಂದು ಹುಡುಗರು ಬರಲಿಲ್ಲ, ಆಮೇಲೆ ಹುಡುಗರಿಲ್ಲ ಎಂದು ವಿಭಾಗ ಮುಚ್ಚಿದರು. ಈ ಜಾಣತನವನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಲ್ಲಿನ ಕೋಣೆಗೆ ಬೀಗ ಬಿತ್ತು. ಬೀಗ ಬಿದ್ದರೂ ಚಿಂತೆಯಿರಲಿಲ್ಲ, ಮೂವತ್ತು ಕೋಟಿ ವರ್ಷ ತಾಳಿದ್ದು ಇನ್ನಷ್ಟು ದಿನ ತಾಳುತ್ತದೆ ಎಂದು ಬಾಯಾರೇ ಅನ್ನುತ್ತಿದ್ದರು. ಧನಕವಡಿಯ ತಮ್ಮ ಫ್ಲ್ಯಾಟಿನಿಂದ ಆಗಾಗ ಫೋನು ಮಾಡಿ, "ಸೋರಾಕ ಹತ್ತೇದೇನವಾ ಮಾಳಿಗಿ? ಕಪಾಟಕ್ಕ ನೀರು ಬೀಳತಾವೇನ ನೋಡಿ ಹೇಳು" ಎಂದು ವಿಚಾರಿಸುತ್ತಿದ್ದರು. ಅವರಿಗೆ ನೀರಿನದೇ ಹೆದರಿಕೆ. ಮನುಷ್ಯರ ಕಡೆಯಿಂದ ಏನಾದರೂ ಆದೀತು ಎಂದು ಅವರಿಗೂ ಅನಿಸಿರಲಿಲ್ಲ, ನನಗೂ ಅನಿಸಿರಲಿಲ್ಲ.

ಹೊಸ ಪ್ರಾಚಾರ್ಯರು ಬಂದರು. ಕಾಲೇಜಿಗೆ ಗ್ರೇಡ್ ಕೊಡುವ ತಪಾಸಣಾ ಸಮಿತಿ ಬರುವುದಿತ್ತು. ಕಾರಿಡಾರಿನ ಫರಸಿಗೆ ಪಾಲಿಶ್, ಗೋಡೆಗೆ ಸುಣ್ಣ, ಬಾಗಿಲಿಗೆ ತೋರಣ, ಕಲಿಸುವುದೊಂದು ಬಿಟ್ಟು ಉಳಿದದ್ದೆಲ್ಲ ಭರದಿಂದ ನಡೆಯಿತು. ಆ ವಾರ ನಾನು ಉತ್ತರಪತ್ರಿಕೆ ತಪಾಸಣೆಗೆಂದು ಬೇರೆ ಕಾಲೇಜಿಗೆ ಹೋಗಿದ್ದೆ. ತಿರುಗಿ ಬಂದ ದಿನ ಪ್ರಾಚಾರ್ಯರು ನನ್ನನ್ನು ತಾವೇ ಕರೆದುಕೊಂಡು ಹೋಗಿ ಕಲ್ಲಿನ ಕೋಣೆಯ ಬಾಗಿಲು ತೆಗೆದರು. ಒಳಗೆ ವಾರ್ನಿಶ್ಶಿನ ವಾಸನೆ. ಹಸಿರು ಪ್ಲಾಸ್ಟಿಕ್ ಹುಲ್ಲಿನ ಮೇಲೆ, ಎಲ್‌ಇಡಿ ದೀಪದ ಕೆಳಗೆ, ಬಾಯಾರ ಕಲ್ಲುಗಳೆಲ್ಲ ಬಳೆ ಅಂಗಡಿಯ ಸಾಮಾನಿನಂತೆ ಫಳಫಳ ಹೊಳೆಯುತ್ತಿದ್ದವು.

"ಬಘಾ ಮ್ಯಾಡಂ, ಕಸಂ ಚಮಕತಂಯ್!" ಅಂದರು ಪ್ರಾಚಾರ್ಯರು. ಹೇಗೆ ಹೊಳೀತಿದೆ ನೋಡಿ ಅಂತ.

ಬಾತ್‌ರೂಮು ತೊಳೆಯುವ ಆಸಿಡ್ಡಿನಲ್ಲಿ ಎಲ್ಲ ಕಲ್ಲುಗಳನ್ನು ನೆನೆಹಾಕಿದ್ದರು. ಬಿಳಿ ಚುಕ್ಕೆಗಳು, ಶಾಯಿಯ ಅಕ್ಷರಗಳು ಹೋಗಿಬಿಟ್ಟಿದ್ದವು. ಸುಣ್ಣಗಲ್ಲಿಗೆ ಆಸಿಡ್ ಬಿದ್ದರೆ ಏನಾಗುತ್ತದೆ ಎಂದು ಎಂಟನೆಯ ಇಯತ್ತೆಯ ಮಗುವಿಗೂ ಗೊತ್ತು. ನೊರೆ ಬಂದು ಕಲ್ಲೇ ತಿಂದುಹೋಗುತ್ತದೆ. ಅದೇ ಕಟ್ಟಡದಲ್ಲಿ, ಎರಡು ಬಾಗಿಲು ಆಚೆ, ನಾನು ವರ್ಷಗಟ್ಟಲೆ ಅದನ್ನೇ ಕಲಿಸಿದ್ದೇನೆ. ಆ ಚಪ್ಪಟೆ ಕಲ್ಲನ್ನು ಹುಡುಕಿದೆ. ನಟ್ಟನಡುವೆ, ಚಿಕ್ಕ ಸ್ಟ್ಯಾಂಡಿನ ಮೇಲೆ, ಕನ್ನಡಿಯಂತೆ ನಿಂತಿತ್ತು. ನನ್ನ ಮುಖ ಅದರಲ್ಲಿ ಕಾಣುತ್ತಿತ್ತು.

ಫರಸಿ ಪಾಲಿಶ್ ಮಾಡಿಸುತ್ತಿದ್ದ ಮುಕಾದಮ ಅಲ್ಲೇ ಇದ್ದ. ಅವನೂ ಹೆಮ್ಮೆಯಿಂದಲೇ ಹೇಳಿದ: "ತ್ಯಾವರ್ ಲಯ್ ಓರಖಡೇ ಹೋತೇ ಮ್ಯಾಡಂ, ಸಗಳೇ ಕಾಢಲೇ." ಅದರ ಮೇಲೆ ಭಾಳ ಗೀರು ಬಿದ್ದಿದ್ದವು, ಎಲ್ಲ ತೆಗೆದೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹೊಳೆಯುವ ಹಾಗೆ ಮಾಡು ಅಂದರು, ಮಾಡಿದ. ಮಷೀನು ಹಿಡಿದು ಶ್ರದ್ಧೆಯಿಂದ ಮಾಡಿದ್ದ, ಒಂದು ಗೀರನ್ನೂ ಬಿಟ್ಟಿರಲಿಲ್ಲ. ಸಿಟ್ಟು ಇರುವುದು, ಪಕ್ಕದಲ್ಲಿ ನಿಂತು ನಗುತ್ತಿದ್ದ ಪಿಎಚ್‌.ಡಿ. ಮಾಡಿದ ಮನುಷ್ಯನ ಮೇಲೆ.

ನಾನು ಕೂಗಾಡಿದೆ. ಮರಾಠಿ, ಹಿಂದಿ, ಇಂಗ್ಲಿಷು ಮುಗಿದು ಕೊನೆಗೆ ಕನ್ನಡದಲ್ಲೇ ಬೈದೆ. ಪ್ರಾಚಾರ್ಯರು ಶಾಂತವಾಗಿ ಕೇಳಿಸಿಕೊಂಡು, "ಅಷ್ಟು ತ್ರಾಸು ಮಾಡಿಕೊಳ್ಳಬೇಡಿ, ಬಾಯಿಯನ್ನು ಕರೆಸೋಣ, ಅವರು ಬಂದು ಮತ್ತೆ ಹೆಸರು ಬರೆದುಕೊಡುತ್ತಾರೆ" ಅಂದರು.

ಬಾಯಾರು ಧನಕವಡಿಯಿಂದ ರಿಕ್ಷಾ ಮಾಡಿಕೊಂಡು ಬಂದರು. ಫೋನಿನಲ್ಲಿ ನಾನು ಎಲ್ಲವನ್ನೂ ಹೇಳಿರಲಿಲ್ಲ. ಅವರು ಒಳಗೆ ಬಂದು ಸುತ್ತಲೂ ಒಮ್ಮೆ ನೋಡಿದರು. ಆ ಚಪ್ಪಟೆ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕಿಟಕಿಗೆ ಹೋದರು. ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ ಕಣ್ಣಿಗೆ ಹಚ್ಚಿ, ಕಲ್ಲನ್ನು ಬಿಸಿಲಿಗೆ ಓರೆ ಹಿಡಿದು, ಈ ಅಂಚಿನಿಂದ ಆ ಅಂಚಿನವರೆಗೆ ನೋಡಿದರು. ತಿರುವಿ ಹಿಡಿದು ಮತ್ತೆ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಕಲ್ಲನ್ನು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತರು.

"ಹೋತವಾ" ಅಂದರು. "ಒಂದೂ ಉಳಿಸಿಲ್ಲ."

ಅವರು ಅಳಲಿಲ್ಲ. ನಾನು ಅತ್ತೆ.

ಪ್ರಾಚಾರ್ಯರು ಕಾರ್ಡುಗಳ ಕಟ್ಟನ್ನು ಮುಂದಿಟ್ಟರು. ಕಲ್ಲಿನ ಹೆಸರು, ಸಿಕ್ಕ ಜಾಗ, ಎರಡನ್ನೂ ಬರೆಯಬೇಕು, ಮಧ್ಯಾಹ್ನದೊಳಗೆ ಪ್ರಿಂಟಿಗೆ ಹೋಗಬೇಕು. ಬಾಯಾರು ಒಂದೊಂದೇ ಕಲ್ಲನ್ನು ಕೈಗೆತ್ತಿಕೊಂಡರು. ದಿಂಬಿನ ಆಕಾರದ ಲಾವಾದ ತುಂಡನ್ನು ಕೂಡಲೇ ಗುರುತಿಸಿದರು, ಭೂಮಿಯ ಹೊಟ್ಟೆಯಿಂದ ಬಂದ ಕಲ್ಲನ್ನೂ ಗುರುತಿಸಿದರು, ಆ ಹಳ್ಳಗಳ ಹೆಸರು ಬರೆದರು. ಸುಣ್ಣಗಲ್ಲುಗಳ ಸರದಿ ಬಂದಾಗ ಕೈ ನಿಂತಿತು. ಬೇರೆ ಬೇರೆ ಬೆಟ್ಟಗಳಿಂದ ತಂದವು, ಆಸಿಡ್ ಕುಡಿದು ಎಲ್ಲ ಒಂದೇ ಮುಖದವಾಗಿದ್ದವು. ಹೆಸರು ಬರೆದರು, ಜಾಗವನ್ನು ಖಾಲಿ ಬಿಟ್ಟರು. ಮುಂದಿನದೂ ಖಾಲಿ, ಅದರ ಮುಂದಿನದೂ ಖಾಲಿ.

ಪ್ರಾಚಾರ್ಯರಿಗೆ ತಾಳ್ಮೆ ತಪ್ಪಿತು. "ಕಾಹಿತರೀ ಲಿಹಾ ನಾ ಬಾಯಿ, ತ್ಯಾಂನಾ ಕಾಯ್ ಕಳತಂಯ್?" ಏನಾದರೊಂದು ಬರೆಯಿರಿ, ಅವರಿಗೇನು ತಿಳಿಯುತ್ತದೆ?

ಬಾಯಾರು ಪೆನ್ನಿನ ಟೊಪ್ಪಿಗೆ ಹಾಕಿ, "ನನಗ ತಿಳೀತದಲ್ಲ" ಎಂದು ಕನ್ನಡದಲ್ಲೇ ಅಂದು, ಮತ್ತೆ ತೆಗೆದರು. ಉಳಿದದ್ದು ಆ ಚಪ್ಪಟೆ ಕಲ್ಲಿನ ಕಾರ್ಡು. ಅದನ್ನು ಇಂಗ್ಲಿಷಿನಲ್ಲಿ ನಿಧಾನವಾಗಿ ಬರೆದು ನನಗೆ ಓದಲು ಕೊಟ್ಟರು. ಕನ್ನಡದಲ್ಲಿ ಹೇಳಿದರೆ ಇಷ್ಟು: 'ಒಮಾನ್ ದೇಶದ ಹುಕ್ಫ್ ಪ್ರದೇಶದ ಕಲ್ಲು. ಇದರ ಮೇಲೆ ಮೂವತ್ತು ಕೋಟಿ ವರ್ಷ ಹಳೆಯ ಹಿಮನದಿಯ ಗೀರುಗಳಿದ್ದವು. ಈ ತಿಂಗಳು ಈ ಕಾಲೇಜಿನಲ್ಲಿ ಅವನ್ನು ತಿಕ್ಕಿ ತೆಗೆಯಲಾಗಿದೆ.' ಕೆಳಗೆ ಸಹಿ. ಪ್ರಾಚಾರ್ಯರು ಅದನ್ನು ಓದಿ, ಹಲ್ಲು ಕಾಣುವಂತೆ ನಕ್ಕು, ಎಲ್ಲ ಕಾರ್ಡುಗಳನ್ನೂ ಜೋಡಿಸಿಕೊಂಡು ಹೋದರು. ಆ ನಗೆಯನ್ನು ನೋಡಿಯೇ ನನಗೆ ಅನುಮಾನ ಬಂತು.

ಸಮಿತಿ ಬಂದ ದಿನ ಬಾಯಾರನ್ನು ಸಂಗ್ರಹದ ಸಂಸ್ಥಾಪಕಿ ಎಂದು ಕರೆಸಿದ್ದರು. ಇಳಕಲ್ ಸೀರೆ ಉಟ್ಟುಕೊಂಡು ಬಂದಿದ್ದರು. ಕೋಣೆಯಲ್ಲಿ ಕಾರ್ಡುಗಳೆಲ್ಲ ಬಂಗಾರದ ಅಂಚಿನಲ್ಲಿ ಪ್ರಿಂಟಾಗಿ ನಿಂತಿದ್ದವು. ಅವರು ಖಾಲಿ ಬಿಟ್ಟ ಜಾಗಗಳಲ್ಲೆಲ್ಲ ಊರುಗಳು ಬಂದಿದ್ದವು. ಯಾರೋ ಮೊಬೈಲಿನಲ್ಲಿ ಒಮಾನಿನ ನಕಾಶೆ ತೆಗೆದು ಕಣ್ಣಿಗೆ ಬಿದ್ದ ಹೆಸರುಗಳನ್ನು ಹಂಚಿದ್ದರು. ನಟ್ಟನಡುವಿನ ಕಾರ್ಡಿನಲ್ಲಿ ಹೀಗಿತ್ತು: 'ಹಿಮನದಿಯ ಗೀರುಗಳನ್ನು ತೋರಿಸುವ ಅಪರೂಪದ ಶಿಲೆ.'

ಬಾಯಾರು ಅದನ್ನು ಓದಿದ್ದನ್ನು ನಾನು ನೋಡಿದೆ. ಅವರು ನನ್ನ ತೋಳನ್ನು ಹಿಡಿದುಕೊಂಡರು, ಅಷ್ಟೇ.

ಸಮಿತಿಯ ಮುಖ್ಯಸ್ಥರು ಉತ್ತರದ ಕಡೆಯ ಯಾವುದೋ ವಿಶ್ವವಿದ್ಯಾಲಯದವರು, ದೊಡ್ಡ ಮನುಷ್ಯರು. ಆ ಕಲ್ಲಿನ ಮುಂದೆ ನಿಂತು ಕಾರ್ಡು ಓದಿದರು. ಕನ್ನಡಕ ಸರಿಮಾಡಿಕೊಂಡು, ಬಗ್ಗಿ, ಆ ನುಣ್ಣನೆಯ ಹೊಳಪನ್ನು ನೋಡಿದರು. ತಲೆದೂಗಿದರು. "ಹಾಂ, ಹಾಂ. ದಿಖ್ ರಹೇ ಹೈಂ. ಬಹುತ್ ಸಾಫ್ ದಿಖ್ ರಹೇ ಹೈಂ." ಕಾಣುತ್ತಿವೆ, ಬಹಳ ಸ್ಪಷ್ಟವಾಗಿ ಕಾಣುತ್ತಿವೆ. ಹಿಂದಿದ್ದ ಇಬ್ಬರು ಸದಸ್ಯರೂ ಬಗ್ಗಿದರು. ಅವರಿಗೂ ಕಂಡವು.

ಬಾಯಾರು ನನ್ನ ತೋಳು ಬಿಟ್ಟು ಮುಂದೆ ಹೋದರು.

"ಕಹಾಂ ಪರ್?" ಎಂದು ಕೇಳಿದರು. "ಜರಾ ದಿಖಾಯಿಯೇ." ಎಲ್ಲಿ? ಸ್ವಲ್ಪ ತೋರಿಸಿ.

ಮುಖ್ಯಸ್ಥರು ನಕ್ಕರು. ಮುದುಕಿಗೆ ಕಣ್ಣು ಮಂಜು ಎಂದುಕೊಂಡಿರಬೇಕು. ಬೆರಳು ಚಾಚಿ, "ಇಲ್ಲಿ" ಅಂದರು.

"ಇಲ್ಲಿ ಏನೂ ಇಲ್ಲ" ಅಂದರು ಬಾಯಾರು. "ಬೇರೆ ಕಡೆ ತೋರಿಸಿ."

ಬೆರಳು ಅತ್ತ ಹೋಯಿತು, ಇತ್ತ ಬಂತು. ಬಾಯಾರು ಕೊರಳಿನ ಭೂತಗನ್ನಡಿ ಬಿಚ್ಚಿ ಅವರ ಕೈಯಲ್ಲಿಟ್ಟರು. "ಒಂದೇ ಒಂದು ಸಾಕು ಸಾಹೇಬರೇ. ಎರಡು ವಾರದ ಹಿಂದೆ ಈ ಅಂಚಿನಿಂದ ಆ ಅಂಚಿನವರೆಗೆ ಹುಡುಕಿದೆ, ನನಗೆ ಸಿಗಲಿಲ್ಲ. ನಿಮಗೆ ಸಿಕ್ಕರೆ ನಿಮ್ಮ ಕಾಲು ಮುಟ್ಟುತ್ತೇನೆ." ಧಾರವಾಡದ ಹಿಂದಿಯಲ್ಲಿ ಹೇಳಿದರು, ದನಿ ಏರಿಸಲಿಲ್ಲ. ಮುಖ್ಯಸ್ಥರು ಭೂತಗನ್ನಡಿ ಹಿಡಿದು ನಿಂತಿದ್ದರು.

ಆಗ ಪ್ರಾಚಾರ್ಯರು ಮುಖ್ಯಸ್ಥರ ಕಿವಿಯ ಹತ್ತಿರ ಬಗ್ಗಿ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು: ಬಾಯಿಗೆ ಈಚೆಗೆ ಮರೆವು, ವಯಸ್ಸಾಯಿತು, ನೋಡಿ. ಎಲ್ಲರಿಗೂ ಕೇಳಿಸುವಷ್ಟು ಮೆಲ್ಲಗೆ ಹೇಳಿದರು. ಮುಖ್ಯಸ್ಥರ ಮುಖದಲ್ಲಿ ಜೀವ ಬಂತು. ಅಯ್ಯೋ ಪಾಪ ಎಂಬಂತೆ ಬಾಯಾರ ಭುಜ ತಟ್ಟಿ, ಭೂತಗನ್ನಡಿ ತಿರುಗಿ ಕೊಟ್ಟು, ಮುಂದಿನ ಕೋಣೆಗೆ ನಡೆದರು.

ಕಲ್ಲಿನ ಮೇಲಿನ ಗುರುತನ್ನು ಅಳಿಸಿದ್ದು ಸಾಲದೆ, ಅದನ್ನು ನೆನಪಿಟ್ಟುಕೊಂಡಿದ್ದ ಹೆಂಗಸಿಗೇ ಮರೆವು ಅಂದರು. ಇದನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುವುದೂ ಇಲ್ಲ. "ನಾ ಮಾತಾಡ್ತೀನಿ, ನಿಲ್ರಿ" ಎಂದು ಮುಂದೆ ನುಗ್ಗಿದವಳನ್ನು ಬಾಯಾರೇ ತಡೆದರು. "ಸಾಕು ಬಿಡವಾ. ಇಲ್ಲದ್ದು ಕಾಣೂ ಮಂದಿಗೆ ಇದ್ದದ್ದು ಹೆಂಗ ತೋರಸ್ತಿ?"

ರಿಕ್ಷಾದಲ್ಲಿ ಅವರನ್ನು ಮನೆಗೆ ಬಿಡಲು ಹೋದೆ. ಸ್ವಾರಗೇಟಿನ ಗದ್ದಲದಲ್ಲಿ ಒಮ್ಮೆಲೇ, "ತರಬಾರದಿತ್ತು ನಾ ಅದನ್ನ" ಅಂದರು. "ಅಲ್ಲೆ ಬಿಸಿಲಾಗ ಬಿದ್ದಿತ್ತು, ಅಷ್ಟು ವರ್ಷ ಯಾರೂ ಏನೂ ಮಾಡಿದ್ದಿಲ್ಲ. ನಾ ತಂದು ಕೆಡಿಸಿದೆ." ತಪ್ಪು ಮಾಡಿದವರು ಮುಂದೆ ಗ್ರೇಡ್ ಬಂತೆಂದು ಪೇಢೆ ಹಂಚಿದರು, ಇವರು ಅಪರಾಧವನ್ನು ತಮ್ಮ ತಲೆಗೆ ಕಟ್ಟಿಕೊಂಡು ಕೂತಿದ್ದರು. ಆ ಮಾತನ್ನು ಆಸ್ಪತ್ರೆಯ ಕೊನೆಯ ದಿನಗಳಲ್ಲೂ ಅಂದರು. ಅಲ್ಲರೀ ಬಾಯಾರ, ನಿಮ್ಮ ತಪ್ಪಲ್ಲ ಎಂದು ಎಷ್ಟು ಹೇಳಿದರೂ ಗೋಡೆಯ ಕಡೆ ಮುಖ ಮಾಡಿಕೊಳ್ಳುತ್ತಿದ್ದರು.

ಅವರು ತೀರಿಕೊಂಡ ಮೇಲೆ ಕಾಲೇಜಿನ ವಾರ್ಷಿಕ ಸಂಚಿಕೆಯವರು ನನ್ನ ಹತ್ತಿರ ಬಂದರು. ಬಾಯಿಯ ಬಗ್ಗೆ ಒಂದು ಪುಟ ಬರೆದುಕೊಡಿ, ಪ್ರೀತಿಯಿಂದ ಬರೆಯಿರಿ, ಹಳೆಯ ಕಹಿ ಮಾತ್ರ ಬೇಡ ಎಂದು ಪ್ರಾಚಾರ್ಯರು ಹೇಳಿ ಕಳಿಸಿದ್ದರು. ಆ ಪುಟವನ್ನು ನಾನು ಬರೆದುಕೊಡಲಿಲ್ಲ. ಇದನ್ನು ಬರೆದೆ, ಕನ್ನಡದಲ್ಲಿ ಬರೆದೆ, ನಾವಿಬ್ಬರೂ ಬೈಯುತ್ತಿದ್ದ ಭಾಷೆಯಲ್ಲಿ.

ಸಮಿತಿಯ ವರದಿಯಲ್ಲಿ ಆ ಕೋಣೆಯನ್ನು ಹೊಗಳಿದ್ದಾರೆ. ಈಗ ಶಾಲೆಯ ಮಕ್ಕಳನ್ನೂ ಸಾಲಾಗಿ ಕರೆತಂದು ತೋರಿಸುತ್ತಾರೆ. ಬಂಗಾರದ ಅಂಚಿನ ಕಾರ್ಡು ಅಲ್ಲೇ ಇದೆ. ಮಕ್ಕಳು ಅದನ್ನು ಓದುತ್ತಾರೆ, ಬಗ್ಗಿ ನೋಡುತ್ತಾರೆ, ಹೌದು ಕಾಣುತ್ತವೆ ಅನ್ನುತ್ತಾರೆ, ಕಾಣದಿದ್ದವರು ತಮ್ಮ ಕಣ್ಣೇ ಸರಿಯಿಲ್ಲವೆಂದು ಸುಮ್ಮನೆ ಮುಂದೆ ಹೋಗುತ್ತಾರೆ. ನಿಮ್ಮ ಮಗುವೂ ಎಂದಾದರೂ ಅಲ್ಲಿಗೆ ಹೋಗಿ, ಏನೂ ಕಾಣಲಿಲ್ಲ ಎಂದು ಮನೆಗೆ ಬಂದು ಹೇಳಿದರೆ ದಯವಿಟ್ಟು ಗದರಿಸಬೇಡಿ. ಅದರ ಕಣ್ಣುಗಳು ಸರಿಯಾಗಿವೆ. ಆ ಕಲ್ಲಿನ ಮೇಲೆ ಏನೂ ಇಲ್ಲ. ಇತ್ತು.